ಹಳೇ ಸ್ಟಾಕಿನ ಬ್ರೇಕ್ ಶೂ ಹಾಕುವ ಮುಂಚೆ ಇದನ್ನು ಓದಿ

ಮಳೆ ಕಡಿಮೆಯಾಗುತ್ತಿದೆ. ಕೊಟ್ಟಿಗೆಯಲ್ಲಿ ನಿಂತಿದ್ದ ಹಳೇ ಬೈಕುಗಳನ್ನು ಹೊರಗೆ ತೆಗೆದು, ಆಯುಧ ಪೂಜೆ ಹೊತ್ತಿಗೆ ಓಡುವ ಹಾಗೆ ಮಾಡಿಕೊಳ್ಳುವ ಸಮಯ ಇದು. ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಿಗೆ ಒಂದು ವಿಷಯ ಹೇಳಲೇಬೇಕು. ಆರ್‌ಎಕ್ಸ್ 100, ಸಿಡಿ 100, ಮ್ಯಾಕ್ಸ್ 100 ಇಂಥ ಗಾಡಿಗಳಿಗೆ "ಕಂಪನಿಯ ಹಳೇ ಸ್ಟಾಕ್" ಅಂತ ಯಾರಾದರೂ ಬ್ರೇಕ್ ಶೂ (ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ಗಾಡಿ ನಿಲ್ಲಿಸುವ ಬಾಗಿದ ತುಂಡು) ಕೊಟ್ಟರೆ ಡಬ್ಬಿ ನೋಡಿ ನಂಬಬೇಡಿ. ಅಂಥದ್ದೊಂದು ಸೆಟ್‌ನಿಂದ ನನ್ನ ತಮ್ಮನ ಜೀವ ಹೋಗುವುದರಲ್ಲಿತ್ತು.

ನಮ್ಮದು ಆರ್‌ಎಕ್ಸ್ 100. ಅಪ್ಪ ಓಡಿಸುತ್ತಿದ್ದ ಗಾಡಿ. ಈ ಮಾಡೆಲ್ 1985ರಲ್ಲಿ ಬಂತು, 1996ರಲ್ಲಿ ನಿಂತಿತು. ಆ ಕಾಲದ ಸ್ಪೇರ್ ಈಗ ಎಲ್ಲೇ ಸಿಗಲಿ, ಅದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಪಿಸ್ಟನ್, ರಿಂಗ್ ತಗೊಳ್ಳುವಾಗ ನಾವು ನೂರು ಸಲ ತಿರುಗಿಸಿ ನೋಡುತ್ತೇವೆ. ಬ್ರೇಕ್ ಶೂ ಮಾತ್ರ ಸಣ್ಣ ಸಾಮಾನು ಅಲ್ವಾ ಅಂತ ಬಿಟ್ಟುಬಿಡುತ್ತೇವೆ.

ಹಿಂದಿನ ಚಕ್ರದ ಲೈನರ್, ಅಂದರೆ ಶೂ ಮೇಲೆ ಇದ್ದು ಡ್ರಮ್ಮಿಗೆ ಉಜ್ಜುವ ಪಟ್ಟಿ, ಸವೆದಿತ್ತು. ಜಿಲ್ಲೆಯ ಒಳಗೇ ಒಂದು ಸ್ಪೇರ್ ಅಂಗಡಿಗೆ ತಮ್ಮ ಹೋದ. ಅಲ್ಲಿಯವರು ಒಳಗಿನಿಂದ ಧೂಳು ಹಿಡಿದ ಡಬ್ಬಿಯೊಂದನ್ನು ತಂದರು. "ಇದು ಒರಿಜಿನಲ್. ಈಗ ದುಡ್ಡು ಕೊಟ್ರೂ ಸಿಗಲ್ಲ. ಒಂದೇ ಸೆಟ್ ಉಂಟು" ಅಂದರಂತೆ. ಮಾಮೂಲಿಗಿಂತ ಜಾಸ್ತಿ ದುಡ್ಡು ತಗೊಂಡರು. ಬಿಲ್ ಕೇಳಿದ್ದಕ್ಕೆ "ಹಳೇ ಸಾಮಾನಿಗೆ ಎಂಥ ಬಿಲ್" ಅಂದರು.

ಮನೆಯಲ್ಲಿ ಕೆಲಸ ಕ್ರಮವಾಗಿಯೇ ಆಯಿತು. ಡ್ರಮ್ ಒರೆಸಿದೆವು, ಶೂಗಳನ್ನು ಅಗಲಿಸುವ ಕ್ಯಾಮ್ ಬಿಚ್ಚಿ ತೊಳೆದು ಚೂರೇ ಚೂರು ಗ್ರೀಸ್ ಹಾಕಿದೆವು, ಸ್ಪ್ರಿಂಗ್ ಬದಲಿಸಿದೆವು, ಪೆಡಲಿನ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಸಡಿಲ) ಸರಿ ಮಾಡಿದೆವು. ಊರೊಳಗೆ ಓಡಿಸಿದಾಗ ಬ್ರೇಕ್ ಚೆನ್ನಾಗಿ ಹಿಡಿಯುತ್ತಿತ್ತು.

ಕೆಲವು ವಾರ ಕಳೆದ ಮೇಲೆ ತಮ್ಮ ಸುಳ್ಯಕ್ಕೆ ಹೊರಟ. ಮಡಿಕೇರಿಯಿಂದ ಸಂಪಾಜೆವರೆಗೆ ಆ ರಸ್ತೆ ಪೂರಾ ಇಳಿಜಾರು. ಟೂ ಸ್ಟ್ರೋಕ್ ಗಾಡಿಯಲ್ಲಿ ಗೇರ್ ಇಳಿಸಿದರೂ ಇಂಜಿನ್ ಅಷ್ಟಾಗಿ ಹಿಡಿದಿಡುವುದಿಲ್ಲ. ಫೋರ್ ಸ್ಟ್ರೋಕ್ ಸಿಡಿ 100ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಘಾಟಿ ಇಳಿಸಿದವರಿಗೆ ಗೊತ್ತು. ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಮದೆನಾಡು ದಾಟಿದ ಮೇಲೆ ಪೆಡಲ್ ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ ಅನ್ನಿಸಿತಂತೆ. ಕರ್ರ್ ಅಂತ ಸದ್ದೂ ಬಂತು. ಮಳೆನೀರು ಹೋಗಿರಬೇಕು ಅಂದುಕೊಂಡ. ಜೋಡುಪಾಲದ ಹತ್ತಿರ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಗಕ್ಕನೆ ನಿಂತುಬಿಟ್ಟಿತು. ಪೆಡಲಿನಿಂದ ಕಾಲು ತೆಗೆದರೂ ಬಿಡಲಿಲ್ಲ. ಗಾಡಿ ಅಡ್ಡ ತಿರುಗಿ ಬಿತ್ತು. ಹಿಂದೆ ಬರುತ್ತಿದ್ದ ಪಿಕಪ್‌ನವರು ಹೇಗೋ ನಿಲ್ಲಿಸಿಕೊಂಡರು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಭುಜದ ಮೂಳೆ ಮುರಿಯಿತು. ಇದೇ ಶೂ ಮುಂದಿನ ಚಕ್ರದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸಲು ಆಗುವುದಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಚಕ್ರ ಬಿಚ್ಚಿದೆ. ಬ್ರೇಕ್ ಪ್ಲೇಟ್ ಸುಲಭಕ್ಕೆ ಹೊರಗೆ ಬರಲಿಲ್ಲ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತೆಗೆಯಬೇಕಾಯಿತು. ಒಂದು ಶೂವಿನ ಲೈನರ್ ಪೂರ್ತಿ ಎದ್ದು ಎರಡು ತುಂಡಾಗಿತ್ತು. ಒಂದು ತುಂಡು ಶೂ ಮತ್ತು ಡ್ರಮ್ಮಿನ ನಡುವೆ ಓರೆಯಾಗಿ ಸಿಕ್ಕಿಕೊಂಡಿತ್ತು. ಆ ಲೈನರ್ ಸವೆದೇ ಇರಲಿಲ್ಲ, ಹೊಸದರ ಹಾಗೇ ದಪ್ಪ ಇತ್ತು. ತಿರುಗಿಸಿ ನೋಡಿದರೆ ಅಂಟು ಇರಬೇಕಾದ ಕಡೆ ಪೂರಾ ಬಿಳಿ ಪುಡಿ. ಬೆರಳಿನಲ್ಲಿ ಉಜ್ಜಿದರೆ ಸುಣ್ಣದ ಹಾಗೆ ಉದುರುತ್ತಿತ್ತು. ಅಲ್ಯೂಮಿನಿಯಂ ಶೂವಿನ ಮೈ ಅಲ್ಲಲ್ಲಿ ಗುಳಿ ಬಿದ್ದಿತ್ತು.

ಕಾರಣ ಇಷ್ಟೇ. ಈ ಗಾಡಿಗಳ ಲೈನರ್ ಅನ್ನು ಶೂವಿಗೆ ಅಂಟಿಸಿರುತ್ತಾರೆ, ರಿವೆಟ್ ಇರುವುದಿಲ್ಲ. ಡಬ್ಬಿ ವರ್ಷಗಟ್ಟಲೆ ತೇವದಲ್ಲಿ ಕೂತರೆ ಅಂಟಿನ ಅಂಚಿನಿಂದ ಅಲ್ಯೂಮಿನಿಯಂ ತುಕ್ಕು ಹಿಡಿಯಲು ಶುರುವಾಗುತ್ತದೆ. ಆ ಪುಡಿ ಉಬ್ಬುತ್ತಾ ಲೈನರನ್ನು ಒಳಗಿನಿಂದ ಎಬ್ಬಿಸುತ್ತದೆ. ಹೊರಗಿನಿಂದ ಸಾಮಾನು ಹೊಸದೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬೀರುವಿನ ಒಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಅಂಗಡಿಯ ಮೂಲೆಯಲ್ಲಿ ಅಷ್ಟು ಮಳೆಗಾಲ ಕಂಡ ಡಬ್ಬಿ ಹೇಗಿರಬೇಡ?

ಡ್ರಮ್ ಬ್ರೇಕಿನಲ್ಲಿ ಎರಡು ಶೂಗಳ ಪೈಕಿ ಒಂದನ್ನು ತಿರುಗುವ ಡ್ರಮ್ಮೇ ಇನ್ನಷ್ಟು ಎಳೆದು ಒತ್ತಿಕೊಳ್ಳುತ್ತದೆ. ಬ್ರೇಕಿಗೆ ಬಲ ಬರುವುದೇ ಅದರಿಂದ. ಅದೇ ಶೂವಿನ ಲೈನರ್ ಎದ್ದರೆ ತುಂಡು ಒಳಗೆ ಸೇರಿ ಚಕ್ರವನ್ನು ಕಚ್ಚಿಬಿಡುತ್ತದೆ. ಆಗ ನೀವು ಪೆಡಲ್ ಬಿಟ್ಟರೂ ಅಷ್ಟೇ, ಒತ್ತಿದರೂ ಅಷ್ಟೇ.

ತುಂಡು ಹಿಡಿದುಕೊಂಡು ಅಂಗಡಿಗೆ ಹೋದೆ. "ನೀವು ಮನೇಲಿ ಫಿಟ್ ಮಾಡಿದ್ದಲ್ವಾ, ಫಿಟ್ಟಿಂಗ್ ಸರಿ ಇಲ್ಲ" ಅಂತ ಹೇಳಿ ಕಳಿಸಿದರು. ಶೂವಿನ ಒಳಗಿನ ಪುಡಿ ತೋರಿಸಿದರೆ ನೋಡಲೂ ಇಲ್ಲ. ಅದೇ ಶೆಲ್ಫಿನಲ್ಲಿ ಬೇರೆ ಗಾಡಿಗಳ ಅದೇ ಥರದ ಡಬ್ಬಿಗಳು ಇನ್ನೂ ಇದ್ದವು. ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೆ. ಬಿಲ್ ಇದ್ದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡುವುದು ಸುಲಭ ಇತ್ತು. ಬಿಲ್ ಕೊಡದ ಅಂಗಡಿಯಲ್ಲಿ ಬ್ರೇಕಿಗೆ ಸಂಬಂಧಪಟ್ಟ ಯಾವ ಸಾಮಾನನ್ನೂ ತಗೋಬೇಡಿ.

ಈಗ ನಾನು ಶೂ ತಗೊಳ್ಳುವ ಮುಂಚೆ ಅಂಗಡಿಯಲ್ಲೇ ಪ್ಲಾಸ್ಟಿಕ್ ಹರಿದು ಬೆಳಕಿಗೆ ಹಿಡಿದು ನೋಡುತ್ತೇನೆ. ಲೈನರ್ ಮತ್ತು ಲೋಹದ ನಡುವೆ ಅಂಟಿನ ಗೆರೆ ಎಲ್ಲೂ ತುಂಡಾಗದೆ ಸುತ್ತಲೂ ಕಾಣಬೇಕು. ಬ್ಲೇಡಿನ ತುದಿ ಒಂದು ಕಡೆ ಒಳಗೆ ಹೋದರೂ ಬೇಡ. ಪಿನ್ ಕೂರುವ ಜಾಗದಲ್ಲಿ, ಕ್ಯಾಮ್ ತಾಗುವ ತುದಿಯಲ್ಲಿ ಬಿಳಿ ಪುಡಿ ಕಂಡರೆ ಒಳಗೂ ಶುರುವಾಗಿದೆ ಅಂತಲೇ ತಿಳಿಯಿರಿ. ಶೂವನ್ನು ಬೆರಳಿಗೆ ನೇತುಹಾಕಿ ಸಣ್ಣ ಸ್ಪ್ಯಾನರಿನಿಂದ ತಟ್ಟಿ. ಗಟ್ಟಿಯಾಗಿ ಅಂಟಿದ್ದರೆ ಠಣ್ ಅನ್ನುತ್ತದೆ, ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಆದರೆ ಸದ್ದೊಂದನ್ನೇ ನಂಬಿ ಕೂರಬೇಡಿ.

ಕೆಲವು ಗಾಡಿಗಳಲ್ಲಿ ಬ್ರೇಕ್ ಆರ್ಮ್ ಹತ್ತಿರ ಬಾಣದ ಗುರುತು ಇರುತ್ತದೆ. ಅದು ಲೈನರ್ ಎಷ್ಟು ಸವೆದಿದೆ ಅಂತ ಹೇಳುತ್ತದೆ, ಅಂಟು ಬಿಟ್ಟಿದ್ದನ್ನು ಹೇಳುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಎರಡೂ ಚಕ್ರ ಬಿಚ್ಚಿ ಕಣ್ಣಾರೆ ನೋಡಲೇಬೇಕು. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಏರ್ ಕೂಡ ಹೊಡೆಯಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ.

ಎದ್ದ ಲೈನರನ್ನು ಅಂಗಡಿಯಲ್ಲಿ ಸಿಗುವ ಅಂಟು ಹಾಕಿ ಮನೆಯಲ್ಲೇ ಕೂರಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಲೈನರ್ ಅಂಟನ್ನು ಒತ್ತಡ ಕೊಟ್ಟು ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಮಾಮೂಲಿ ಅಂಟು ಘಾಟಿಯಲ್ಲಿ ಡ್ರಮ್ ಕಾದ ಕೂಡಲೇ ಮೆತ್ತಗಾಗುತ್ತದೆ. ಹೊಸ ಶೂ ಸಿಗಲೇ ಇಲ್ಲ ಅಂದರೆ ನಿಮ್ಮ ಹಳೇ ಶೂಗೆ ಹೊಸ ಲೈನರ್ ಹಾಕಿಕೊಡುವವರ ಹತ್ತಿರ ಹೋಗಿ. ಶೂವಿನಲ್ಲಿ ಗುಳಿ ಬಿದ್ದಿದ್ದರೆ ಅದನ್ನು ಮಾತ್ರ ಮತ್ತೆ ಬಳಸಬೇಡಿ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಗೊಬ್ಬರದ ಚೀಲ ಇಡುವ ಶೆಡ್ಡಿನಲ್ಲಿ ಬೈಕ್ ನಿಲ್ಲಿಸಬೇಡಿ. ಗೊಬ್ಬರದ ಉಪ್ಪು ತೇವ ಎಳೆದುಕೊಂಡು ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ತಿನ್ನುತ್ತದೆ. ಬಿಡಿ ಶೂಗಳನ್ನೂ ಅಲ್ಲಿಡಬೇಡಿ.

ಈಗಾಗಲೇ ಇಂಥ ಶೂ ಹಾಕಿ ಓಡಿಸುತ್ತಿರುವವರು ಸಂಪಾಜೆ ಕಡೆಗಾಗಲಿ, ಮಾಕುಟ್ಟ ಕಡೆಗಾಗಲಿ ಇಳಿಯುವ ಮುಂಚೆ ಚಕ್ರ ಬಿಚ್ಚಿ ನೋಡಿ. ದಾರಿಯಲ್ಲೇ ಪೆಡಲ್ ಒಂದೊಂದು ಸಲ ಒಂದೊಂದು ಥರ ಸಿಕ್ಕರೆ, ಒಳಗೆ ಕೆರೆದ ಸದ್ದು ಬಂದರೆ, ಹಿಂದಿನ ಬ್ರೇಕ್ ಮುಟ್ಟಬೇಡಿ. ಗೇರ್ ಇಳಿಸಿ, ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ರಸ್ತೆ ಬದಿಗೆ ನಿಲ್ಲಿಸಿ. ಮುಂದಿನ ಲಿವರಿನಲ್ಲೇ ಹಾಗನ್ನಿಸಿದರೆ ಅದನ್ನು ಬಿಟ್ಟು ಹಿಂದಿನದರಲ್ಲಿ ನಿಲ್ಲಿಸಿ. ಇನ್ನೇನು ನಾಲ್ಕು ಕಿಲೋಮೀಟರ್ ಅಂತ ಮತ್ತೆ ಹತ್ತಬೇಡಿ, ಪಿಕಪ್ ಬಾಡಿಗೆಗೆ ಹಿಡಿದು ಗಾಡಿಯನ್ನು ಮನೆಗೆ ತನ್ನಿ.