ಟಾಪ್ ಗನ್: ಮೇವರಿಕ್, ಆರು ಸಲ ನೋಡಿದ ಮೇಲೆ

ಮೊದಲ ದಿನ, ಮೊದಲ ಶೋ ವಿಮರ್ಶೆಗಳು ಬೇಕಾದಷ್ಟು ಬಂದಿವೆ. ನಾನು ಬರೆಯುತ್ತಿರುವುದು ಈ ಸಿನಿಮಾವನ್ನು 2022ರ ಮೇ ತಿಂಗಳಿಂದ 2025ರ ಏಪ್ರಿಲ್ ತನಕ ಆರು ಸಲ ನೋಡಿದವನಾಗಿ. ಮೂರು ಸಲ ಥಿಯೇಟರಿನಲ್ಲಿ, ಮೂರು ಸಲ ಮನೆಯಲ್ಲಿ. ನಡುವೆ 1986ರ ಮೊದಲ 'ಟಾಪ್ ಗನ್' ಕೂಡ ಎರಡು ಸಲ ನೋಡಿದೆ, ಹೋಲಿಸಿ ನೋಡೋಣ ಅಂತಲೇ. ಎರಡೂ ಅಮೆರಿಕದ ನೌಕಾಪಡೆಯ ಯುದ್ಧವಿಮಾನ ಪೈಲಟ್‌ಗಳ ಕಥೆ, ಎರಡರಲ್ಲೂ ಟಾಮ್ ಕ್ರೂಸ್ ಮಾಡಿದ ಮೇವರಿಕ್ ಅನ್ನೋ ಪೈಲಟ್ಟೇ ನಾಯಕ.

ಎಲ್ಲರೂ ಕೇಳೋದು ಒಂದೇ ಪ್ರಶ್ನೆ. 36 ವರ್ಷ ಬಿಟ್ಟು ಬಂದ ಎರಡನೇ ಭಾಗ ಮೊದಲನೆಯದಕ್ಕೆ ಸಾಟಿಯಾಗುತ್ತಾ? ನನ್ನನ್ನು ಕೇಳಿದರೆ, ಇದು ಮೊದಲನೆಯದಕ್ಕಿಂತ ಒಳ್ಳೆಯ ಸಿನಿಮಾ. ಆದರೆ ಮೊದಲನೆಯದು ತೋರಿಸಿದ ಒಂದು ಧೈರ್ಯವನ್ನು ಇದು ತೋರಿಸಲಿಲ್ಲ. ಆ ಕೊರತೆ ಮೊದಲ ಸಲ ನನಗೆ ಗೊತ್ತೇ ಆಗಲಿಲ್ಲ, ನಾಲ್ಕನೇ ಸಲಕ್ಕೆ ಗೊತ್ತಾಯಿತು. ಕಥೆ ಬಿಟ್ಟುಕೊಡದೆ ಇದನ್ನೆಲ್ಲ ಹೇಳೋಕೆ ಆಗಲ್ಲ. ಇನ್ನೂ ನೋಡದವರು ನೋಡಿಕೊಂಡು ಬಂದು ಓದಿ.

ಮೊದಲನೆಯದನ್ನು ನಾನು ನೋಡಿದ್ದು ದಾವಣಗೆರೆಯಲ್ಲಿ, ಹುಡುಗನಾಗಿದ್ದಾಗ. ಬಾಡಿಗೆಗೆ ಕಲರ್ ಟಿವಿ, ವಿಸಿಪಿ ತಂದು ಒಂದೇ ರಾತ್ರಿಗೆ ಮೂರು ಕ್ಯಾಸೆಟ್ ನೋಡುತ್ತಿದ್ದ ಕಾಲ ಅದು. ಎರಡು ಕನ್ನಡ ಸಿನಿಮಾ ಮನೆಯವರಿಗೆ. ಮೂರನೆಯದು ಅಣ್ಣ ಹಟ ಹಿಡಿದು ತಂದ ಇಂಗ್ಲಿಷ್ ಕ್ಯಾಸೆಟ್. ಅದನ್ನು ಹಾಕುವ ಹೊತ್ತಿಗೆ ಮನೆಯವರೆಲ್ಲ ಮಲಗಿದ್ದರು, ಎದ್ದಿದ್ದವರು ನಾವಿಬ್ಬರೇ. ಚಿತ್ರದ ಮೇಲೆ ಗೆರೆ ಓಡುತ್ತಿತ್ತು. ಮಾತು ಮುಕ್ಕಾಲು ಪಾಲು ಅರ್ಥವಾಗುತ್ತಿರಲಿಲ್ಲ. ಆದರೆ ಶುರುವಿನಲ್ಲೇ ಬೆಳಗಿನ ಕೇಸರಿ ಬೆಳಕು, ಹಡಗಿನ ಡೆಕ್ ಮೇಲೆ ಹಬೆ, ಹೆಲ್ಮೆಟ್ ಹಾಕಿದವರು ಕೈಸನ್ನೆ ಮಾಡುವುದು, ಹಿಂದೆ ಹೆರಾಲ್ಡ್ ಫಾಲ್ಟರ್‌ಮೇಯರ್ ಸಂಗೀತದ ಆ ಗಂಟೆಯ ಸದ್ದು. ಅದಕ್ಕೆ ಭಾಷೆ ಬೇಕಿರಲಿಲ್ಲ. ಎಫ್-14 ಟಾಮ್‌ಕ್ಯಾಟ್ ಯುದ್ಧವಿಮಾನ ಡೆಕ್ ಬಿಟ್ಟು ಹಾರಿದಾಗ ಅಣ್ಣ ನನ್ನ ತೊಡೆ ಹಿಂಡಿದ್ದು ಇವತ್ತಿಗೂ ನೆನಪಿದೆ.

ಹೊಸದು ಶುರುವಾಗುವುದೂ ಹಾಗೇ. ಅದೇ ಬೆಳಕು, ಅದೇ ಗಂಟೆ, ಆಮೇಲೆ ಕೆನ್ನಿ ಲಾಗಿನ್ಸ್ ಹಾಡಿದ ಅದೇ ಹಾಡು. ವಿಮಾನ ಮಾತ್ರ ಬೇರೆ. ಟಾಮ್‌ಕ್ಯಾಟ್ ಇಲ್ಲ, ಅದನ್ನು ಅಮೆರಿಕದ ನೌಕಾಪಡೆ 2006ರಲ್ಲೇ ಸೇವೆಯಿಂದ ತೆಗೆದಿದೆ. ಇಲ್ಲಿ ಹಾರುವುದು ಸೂಪರ್ ಹಾರ್ನೆಟ್. ಮೊದಲನೆಯದನ್ನು ಮಾಡಿದ ಟೋನಿ ಸ್ಕಾಟ್ 2012ರಲ್ಲಿ ತೀರಿಕೊಂಡರು. ಎರಡನೆಯದನ್ನು ನಿರ್ದೇಶಿಸಿದ್ದು ಜೋಸೆಫ್ ಕೊಸಿನ್ಸ್ಕಿ. ಆ ಮೊದಲ ಎರಡು ನಿಮಿಷ ಸ್ಕಾಟ್ ಅವರಿಗೆ ಮಾಡಿದ ನಮಸ್ಕಾರದ ಹಾಗಿದೆ. ಹಳೇ ನೆನಪನ್ನು ಕೆರಳಿಸಿ ದುಡ್ಡು ಮಾಡೋಕೆ ಬಂದವರು ಅಂತ ಮೊದಲು ನನಗೂ ಅನುಮಾನ ಇತ್ತು. ಆ ಅನುಮಾನ ಹೋಗಿದ್ದು ಹಾರಾಟ ಶುರುವಾದ ಮೇಲೆ.

ಹಳೇ ಸಿನಿಮಾದಲ್ಲಿ ಹೊರಗಿನಿಂದ ತೆಗೆದ ವಿಮಾನದ ಶಾಟ್‌ಗಳು ಅದ್ಭುತ. ಆದರೆ ನಟರು ಕಾಕ್‌ಪಿಟ್‌ನಲ್ಲಿ ಕೂತ ದೃಶ್ಯಗಳಲ್ಲಿ ಹೆಚ್ಚಿನವನ್ನು ನೆಲದ ಮೇಲಿನ ಸೆಟ್‌ನಲ್ಲಿ ತೆಗೆದಿದ್ದರು. ಆಗ ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತದೆ. ಹೊಸದರಲ್ಲಿ ನಟರನ್ನು ಎರಡು ಸೀಟಿನ ಹಾರ್ನೆಟ್‌ನ ಹಿಂದಿನ ಸೀಟಿನಲ್ಲಿ ಕೂರಿಸಿ ನಿಜವಾಗಿಯೂ ಹಾರಿಸಿದ್ದಾರೆ. ಮುಂದಿನ ಸೀಟಿನಲ್ಲಿ ಇದ್ದವರು ನೌಕಾಪಡೆಯ ಪೈಲಟ್‌ಗಳು. ಒಂದೊಂದು ಕಾಕ್‌ಪಿಟ್‌ನಲ್ಲಿ ಆರು ಕ್ಯಾಮೆರಾ. ಮೇಲೆ ಹೋದ ಮೇಲೆ ಡೈರೆಕ್ಟರ್ ಇಲ್ಲ, ಕ್ಯಾಮೆರಾಮನ್ ಇಲ್ಲ. ಕ್ಯಾಮೆರಾ ಆನ್ ಮಾಡುವುದು, ಬೆಳಕು ನೋಡಿಕೊಳ್ಳುವುದು, ಆಮೇಲೆ ಅಭಿನಯ, ಎಲ್ಲ ನಟರದೇ ಕೆಲಸ. ಹಾಗೆ ತೆಗೆದ ಚಿತ್ರೀಕರಣ 800 ಗಂಟೆಗೂ ಜಾಸ್ತಿ ಆಯಿತಂತೆ. ಅದರಿಂದ ಎರಡು ಗಂಟೆ ಹತ್ತು ನಿಮಿಷ ಆರಿಸಿದ ಸಂಕಲನಕಾರ ಎಡ್ಡಿ ಹ್ಯಾಮಿಲ್ಟನ್ ಅವರಿಗೆ ನಾನು ಕೈ ಮುಗಿಯುತ್ತೇನೆ.

ಇದರಿಂದ ಏನು ಬದಲಾಯಿತು ಅಂದರೆ, ಮುಖಗಳು. ವಿಮಾನ ಜೋರಾಗಿ ತಿರುಗಿದಾಗ ಏಳು ಜಿ, ಅಂದರೆ ಭೂಮಿಯ ಸೆಳೆತದ ಏಳು ಪಟ್ಟು, ಒತ್ತಡ ಬಿತ್ತು ಅಂದುಕೊಳ್ಳಿ. 70 ಕೆಜಿ ಇರುವ ಮನುಷ್ಯ ಆ ಕ್ಷಣ 490 ಕೆಜಿ ತೂಗುತ್ತಾನೆ. ಕೆನ್ನೆ ಕೆಳಗೆ ಜಾರುತ್ತದೆ. ಕಣ್ಣಿನ ರೆಪ್ಪೆ ಎಳೆದುಕೊಳ್ಳುತ್ತದೆ. ಉಸಿರು ತುಂಡು ತುಂಡಾಗಿ ಬರುತ್ತದೆ. ಶತ್ರು ನೆಲೆಯ ಮೇಲಿನ ದಾಳಿಗೆ ಹೊಸಬರನ್ನು ತಯಾರು ಮಾಡಲು ಬಂದ ಮೇವರಿಕ್, ಅದರ ಅಭ್ಯಾಸದಲ್ಲಿ ಒಬ್ಬನೇ ಎರಡು ನಿಮಿಷ ಹದಿನೈದು ಸೆಕೆಂಡಿನಲ್ಲಿ ಗುರಿ ಮುಟ್ಟಿ ತೋರಿಸುತ್ತಾನಲ್ಲ, ಆ ದೃಶ್ಯದಲ್ಲಿ ಟಾಮ್ ಕ್ರೂಸ್ ಮುಖವನ್ನೇ ನೋಡಿ. ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿದೆ. 1986ರಲ್ಲಿ ಆ ಮುಖದಲ್ಲಿ ಒಂದೂ ಗೆರೆ ಇರಲಿಲ್ಲ. ಈಗ ಚಿತ್ರೀಕರಣದ ಹೊತ್ತಿಗೇ ಅವರಿಗೆ 55 ದಾಟಿತ್ತು. ಸಿನಿಮಾ ಅದನ್ನು ಮುಚ್ಚಿಡುವುದಿಲ್ಲ. ವಯಸ್ಸಾದವನಿಗೆ ಈ ಒತ್ತಡ ತಡೆಯೋಕಾಗುತ್ತಾ ಅನ್ನೋ ಭಯ ನಮಗೆ ಬರುವುದೇ ಆ ಗೆರೆಗಳಿಂದ. ಮೊದಲ ಸಿನಿಮಾದಲ್ಲಿ ಇವನು ಗೆಲ್ಲುತ್ತಾನಾ ಅಂತ ನೋಡುತ್ತಿದ್ದೆವು. ಇಲ್ಲಿ ಇವನು ಉಳಿಯುತ್ತಾನಾ ಅಂತ ನೋಡುತ್ತೇವೆ.

ಸದ್ದಿನ ಬಗ್ಗೆ ಒಂದು ಮಾತು. 2011ರಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಸೂಪರ್ ಹಾರ್ನೆಟ್ ಬಂದಿತ್ತು, ನಾನು ನೋಡಲು ಹೋಗಿದ್ದೆ. ವಿಮಾನ ತಲೆ ಮೇಲಿಂದ ದಾಟಿ ಹೋದ ಮೇಲೆ ಸದ್ದು ಬಂದು ಎದೆಗೆ ಗುದ್ದುತ್ತದೆ. ಕಿವಿಗಿಂತ ಮುಂಚೆ ಹೊಟ್ಟೆಗೆ ಗೊತ್ತಾಗುತ್ತದೆ. ಒಳ್ಳೆಯ ಥಿಯೇಟರಿನಲ್ಲಿ ಈ ಸಿನಿಮಾ ಅದೇ ಅನುಭವ ಕೊಟ್ಟಿತು. ಎರಡನೇ ಸಲ ಬೇರೊಂದು ಥಿಯೇಟರಿಗೆ ಹೋದಾಗ ಅಲ್ಲಿ ಸೌಂಡ್ ತಗ್ಗಿಸಿಟ್ಟಿದ್ದರು, ಪರದೆಯೂ ಮಬ್ಬಾಗಿತ್ತು. ಇಂಟರ್‌ವಲ್‌ನಲ್ಲಿ ಹೋಗಿ ಹೇಳಿದರೂ ಪ್ರಯೋಜನವಾಗಲಿಲ್ಲ. ಅರ್ಧ ಸಿನಿಮಾವನ್ನೇ ಕಿತ್ತುಕೊಂಡ ಹಾಗಾಯಿತು. ಹಳೆಯದಕ್ಕೆ ಆಸ್ಕರ್ ಬಂದದ್ದು ಹಾಡಿಗೆ, ಹೊಸದಕ್ಕೆ ಬಂದದ್ದು ಸದ್ದಿಗೆ. ಎರಡೂ ಸಿನಿಮಾಗಳ ವ್ಯತ್ಯಾಸ ಅದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಆರು ಸಲ ನೋಡಿದರೂ ಸ್ವಲ್ಪವೂ ಸವೆಯದ ದೃಶ್ಯದಲ್ಲಿ ವಿಮಾನವೇ ಇಲ್ಲ. ಮೇವರಿಕ್ ತನ್ನ ಹಳೇ ಎದುರಾಳಿ ಐಸ್‌ಮನ್‌ನನ್ನು ನೋಡಲು ಮನೆಗೆ ಹೋಗುವ ದೃಶ್ಯ ಅದು. ಐಸ್‌ಮನ್ ಈಗ ಅಡ್ಮಿರಲ್. ಮಾತಾಡೋಕೆ ಆಗದಷ್ಟು ಕಾಯಿಲೆ. ಆ ಪಾತ್ರ ಮಾಡಿದ ವ್ಯಾಲ್ ಕಿಲ್ಮರ್ ಅವರಿಗೂ ನಿಜಜೀವನದಲ್ಲಿ ಗಂಟಲಿನ ಕ್ಯಾನ್ಸರ್ ಆಗಿ ದನಿ ಹೋಗಿತ್ತು. ಅವರು ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಟೈಪ್ ಮಾಡುತ್ತಾರೆ, ನಾವು ಪರದೆ ಮೇಲೆ ಓದುತ್ತೇವೆ. ಇನ್ನು ಬಿಟ್ಟುಬಿಡುವ ಸಮಯ ಬಂತು ಅನ್ನೋ ಅರ್ಥದ ಮಾತು. ಮೇವರಿಕ್ ಮಾತು ತಪ್ಪಿಸಲು ನೋಡುತ್ತಾನೆ. ಐಸ್‌ಮನ್ ಆ ಸಾಲಿನ ಕಡೆಗೇ ಬೆರಳು ತೋರಿಸುತ್ತಾನೆ. ಆಮೇಲೆ ಕಷ್ಟಪಟ್ಟು ಎದ್ದು ನಿಂತು, ಗೊಗ್ಗರು ದನಿಯಲ್ಲಿ ಬಾಯಿಬಿಟ್ಟೇ ಎರಡು ಮಾತು ಹೇಳುತ್ತಾನೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ.

ಕಿಲ್ಮರ್ 2025ರ ಏಪ್ರಿಲ್ 1ರಂದು ತೀರಿಕೊಂಡರು. ಆ ವಾರ ಅಣ್ಣ ಬೆಂಗಳೂರಿಗೆ ಬಂದಿದ್ದ. ಊಟ ಆದ ಮೇಲೆ ಹಾಕಿದೆ, ಅದೇ ನನ್ನ ಆರನೇ ಸಲ. ಈ ದೃಶ್ಯ ಮುಗಿದಾಗ ಅಣ್ಣ, "ಲೇ, ಸ್ವಲ್ಪ ಹಿಂದಕ್ಕೆ ಹಾಕೋ" ಅಂದ. ಹಾಕಿದೆ. ಇನ್ನೊಂದು ಸಲ ಸುಮ್ನೆ ಕೂತು ನೋಡಿದೆವು.

ಮೊದಲ ಸಿನಿಮಾ ನೋಡದೆ ಬಂದವರಿಗೂ ಈ ದೃಶ್ಯ ಮುಟ್ಟುತ್ತದೆ, ನಿಜ. ಆದರೆ ಹರೆಯದ ಹುಡುಗರಾಗಿ ಇವರಿಬ್ಬರೂ ಲಾಕರ್ ರೂಮಿನಲ್ಲಿ ಹಲ್ಲು ಕಡಿದುಕೊಂಡು ನಿಂತದ್ದನ್ನು ನೋಡಿದವರಿಗೆ ಮುಟ್ಟುವುದೇ ಬೇರೆ. ಬೇರೆ ಎಷ್ಟೋ ಸಿನಿಮಾಗಳ ತಡವಾದ ಮುಂದಿನ ಭಾಗಗಳು ಹಳೇ ಡೈಲಾಗು, ಹಳೇ ಬೈಕು, ಹಳೇ ಜಾಕೆಟ್ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತವೆ. ಇದರಲ್ಲೂ ಬೈಕು, ಜಾಕೆಟ್ ಇವೆ. ಆದರೆ ನಡುವೆ ಕಳೆದುಹೋದ ಕಾಲವನ್ನೇ ಕಥೆ ಮಾಡಿಕೊಂಡಿದ್ದಾರೆ, ಅದಕ್ಕೇ ಇದು ನಿಲ್ಲುತ್ತದೆ.

ಇನ್ನು ಸವೆದದ್ದು. ಜೆನ್ನಿಫರ್ ಕಾನೆಲಿ ಮಾಡಿದ ಪೆನ್ನಿ ಪಾತ್ರ. ನಟಿ ಚೆನ್ನಾಗಿದ್ದಾರೆ, ಬರವಣಿಗೆ ತೆಳು. ಹಳೇ ಸಿನಿಮಾದಲ್ಲಿ ಬರೀ ಹೆಸರಾಗಿ ಬಂದುಹೋದವಳನ್ನು ಕರೆದು ತಂದದ್ದು ಒಳ್ಳೆಯ ಯೋಚನೆ. ಆದರೆ ಮೂರನೇ ಸಲದಿಂದ ಆ ದೋಣಿ ದೃಶ್ಯ ಬಂದಾಗ ನಾನು ನೀರು ಕುಡಿಯೋಕೆ ಏಳುತ್ತೇನೆ. ಹೊಸ ತಂಡದಲ್ಲಿ ರೂಸ್ಟರ್, ಹ್ಯಾಂಗ್‌ಮನ್, ಫೀನಿಕ್ಸ್, ಬಾಬ್ ನೆನಪಲ್ಲಿ ಉಳಿಯುತ್ತಾರೆ. ಉಳಿದವರು ಹೆಲ್ಮೆಟ್ ಮೇಲಿನ ಹೆಸರು ಅಷ್ಟೇ. ಶತ್ರು ಯಾವ ದೇಶದವನು ಅಂತ ಹಳೆಯದರಲ್ಲೂ ಹೇಳಿರಲಿಲ್ಲ, ಇದರಲ್ಲೂ ಹೇಳುವುದಿಲ್ಲ.

ದೊಡ್ಡ ಕೊರತೆಗೆ ಬರುತ್ತೇನೆ. ಹಳೇ ಸಿನಿಮಾದಲ್ಲಿ ಮೇವರಿಕ್ ವಿಮಾನದ ಹಿಂದಿನ ಸೀಟಿನಲ್ಲಿ ಕೂರುವ ಗೆಳೆಯ ಗೂಸ್ ಸಾಯುತ್ತಾನೆ. ನಗಿಸುತ್ತಿದ್ದವನು, ಪಿಯಾನೋ ಬಾರಿಸುತ್ತಿದ್ದವನು, ಹೆಂಡತಿ ಮಗು ಇದ್ದವನು. ಅದೂ ಯುದ್ಧದಲ್ಲಲ್ಲ, ಬರೀ ತರಬೇತಿಯಲ್ಲಿ. ಮುಂದಿನ ವಿಮಾನದ ಗಾಳಿಗೆ ಸಿಕ್ಕಿ ಎಂಜಿನ್ ನಿಂತು, ವಿಮಾನ ಬುಗುರಿ ಹಾಗೆ ಸುತ್ತುತ್ತಾ ಬಿದ್ದು, ವಿಮಾನದಿಂದ ಹೊರಗೆ ಹಾರಿಕೊಳ್ಳುವಾಗ ತಲೆ ಬಡಿದು. ಅವತ್ತು ರಾತ್ರಿ ದಾವಣಗೆರೆಯಲ್ಲಿ ನಾವಿಬ್ಬರೂ ಅವನು ಎದ್ದು ಬರ್ತಾನೆ ಅಂತಲೇ ಕಾದೆವು. ಬರಲಿಲ್ಲ. ಅಲ್ಲಿಂದ ಮುಂದೆ ಯಾರಿಗೆ ಬೇಕಾದರೂ ಏನು ಬೇಕಾದರೂ ಆಗಬಹುದು ಅನ್ನಿಸಿತ್ತು. ಹೊಸ ಸಿನಿಮಾದ ಅತಿ ಚಂದದ ಭಾಗಗಳು ನಿಂತಿರುವುದೇ ಆ ಸಾವಿನ ಮೇಲೆ. ಗೂಸ್ ಮಗ ರೂಸ್ಟರ್ ಬಾರಿನಲ್ಲಿ ಅಪ್ಪ ಬಾರಿಸುತ್ತಿದ್ದ ಹಾಡನ್ನೇ ಬಾರಿಸುತ್ತಾನೆ. ಹೊರಗೆ ಕತ್ತಲಲ್ಲಿ ಒಬ್ಬನೇ ನಿಂತ ಮೇವರಿಕ್ ಕಿಟಕಿಯಿಂದ ನೋಡುತ್ತಾನೆ. ಗಂಟಲು ಕಟ್ಟುತ್ತದೆ.

ಆದರೆ ಹೊಸ ಸಾಹಸದಲ್ಲಿ ಹೋದವರೆಲ್ಲ ವಾಪಸ್ ಬರುತ್ತಾರೆ. ವಾಪಸ್ ಬರುವುದು ಅಸಾಧ್ಯ ಅಂತ ಒಂದು ಗಂಟೆ ನಮಗೆ ಹೇಳಿ ಹೇಳಿ ನಂಬಿಸಿದವರು, ಕೊನೆಗೆ ಯಾರನ್ನೂ ಬಿಟ್ಟುಕೊಡಲಿಲ್ಲ. ಮೇವರಿಕ್ ಬಿದ್ದರೂ ಬದುಕುತ್ತಾನೆ, ರೂಸ್ಟರ್ ಬಿದ್ದರೂ ಬದುಕುತ್ತಾನೆ. ಶತ್ರುವಿನ ನೆಲೆಯಲ್ಲಿ ಹಾರೋಕೆ ಸಿದ್ಧವಾಗಿ ಒಂದು ಎಫ್-14 ನಿಂತಿರುತ್ತದೆ. ಥಿಯೇಟರಿನಲ್ಲಿ ಆ ಟಾಮ್‌ಕ್ಯಾಟ್ ಕಂಡಾಗ ನಾನೂ ಶಿಳ್ಳೆ ಹಾಕಿದವನೇ. ಮನೆಯಲ್ಲಿ ನಾಲ್ಕನೇ ಸಲ ನೋಡುವಾಗ ಆ ಅರ್ಧ ಗಂಟೆಯಲ್ಲಿ ಭಯವೇ ಆಗಲಿಲ್ಲ. ಖುಷಿ ಇದೆ, ಎದೆ ಬಡಿತ ಇಲ್ಲ. ಅಲ್ಲಿ ಒಬ್ಬನನ್ನಾದರೂ ಕಳೆದುಕೊಂಡಿದ್ದರೆ ಸಿನಿಮಾದ ತೂಕವೇ ಬೇರೆ ಇರುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಇಷ್ಟಾದರೂ ನಾನು ಕೊಡುವುದು 5ಕ್ಕೆ 4.5. ಹಳೆಯದಕ್ಕೆ 3.5, ಅದರಲ್ಲಿ ಅರ್ಧ ಗೂಸ್‌ಗೆ. ಸುಮಾರು 149 ಕೋಟಿ ಡಾಲರ್ ಗಳಿಸಿದ ಸಿನಿಮಾಕ್ಕೆ ನನ್ನ ಶಿಫಾರಸು ಬೇಕಿಲ್ಲ. ನೋಡುವ ಕ್ರಮ ಮಾತ್ರ ಹೇಳುತ್ತೇನೆ. ಶನಿವಾರ ರಾತ್ರಿ ಹಳೆಯದು ನೋಡಿ, ಕಥೆ ನಿಧಾನ ಅನ್ನಿಸಿದರೂ ಪೂರ್ತಿ ನೋಡಿ. ಭಾನುವಾರ ಹೊಸದು. ಎಲ್ಲಾದರೂ ಮರುಬಿಡುಗಡೆ ಆದರೆ ಆಫೀಸಿಗೆ ರಜೆ ಹಾಕಿಯಾದರೂ ಹೋಗಿ. ಮನೆಯಲ್ಲಾದರೆ ಕಿವಿಗೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನಲ್ಲಿ ಮಾತ್ರ ನೋಡಬೇಡಿ.