ಹಿತ್ತಲಿನ ಹತ್ತುಗೋಡೆಗೆ ತರಿಸಿದ ಹಿಡಿಕೆಗಳು

ಕಪಾಟು ಮಾಡಿಸಿ ಉಳಿದಿದ್ದ 18 ಮಿ.ಮೀ. ಪ್ಲೈವುಡ್ ಮತ್ತು ಹಳೆಯ ಬಾಗಿಲಿನ ಚೌಕಟ್ಟಿನಿಂದ ಹಿತ್ತಲಿನಲ್ಲಿ ಮಕ್ಕಳಿಗೊಂದು ಹತ್ತುಗೋಡೆ ನಿಲ್ಲಿಸಿ, ಅದಕ್ಕೆ ಆನ್‌ಲೈನಿನಲ್ಲಿ ತರಿಸಿದ 20 ಹಿಡಿಕೆಗಳ ಸೆಟ್ಟನ್ನು ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಿಡಿಕೆಗಳ ಮೈ ಉಪ್ಪುಕಾಗದದಂತೆ ಒರಟಾಗಿರುವುದರಿಂದ ಬೆವರಿದ ಕೈಯೂ ಜಾರುವುದಿಲ್ಲ; ಬಾದಾಮಿಯ ಮರಳುಗಲ್ಲನ್ನು ಹತ್ತಿದವರಿಗೆ ಈ ಸ್ಪರ್ಶ ಪರಿಚಿತವೆನಿಸೀತು. ನಿರಾಸೆ ತಂದದ್ದು ಜೊತೆಗೆ ಬಂದ ಟಿ-ನಟ್‌ಗಳು, ಅಂದರೆ ಹಿಡಿಕೆಯ ಬೋಲ್ಟನ್ನು ಹಲಗೆಯ ಹಿಂದಿನಿಂದ ಹಿಡಿದುಕೊಳ್ಳುವ ಮುಳ್ಳಿನ ನಟ್‌ಗಳು. ಹಲಗೆಯ ಹಿಂಬದಿಯಿಂದ ಬಡಿದು ಕೂರಿಸಬೇಕಾದ ಇವುಗಳ ಮುಳ್ಳುಗಳು ಮೊಂಡಾಗಿದ್ದುದರಿಂದ, 10 ಮಿ.ಮೀ. ಬೋಲ್ಟನ್ನು ಬಿಗಿಯುವಾಗ ಆರು ನಟ್‌ಗಳು ಬೋಲ್ಟಿನೊಂದಿಗೇ ಗಿರಗಿರನೆ ತಿರುಗಿದವು. ಉಳಿದವುಗಳಲ್ಲಿ ಕೆಲವು ಆಷಾಢ ಕಳೆಯುವುದರೊಳಗೆ ತುಕ್ಕು ಹಿಡಿದವು. ಸ್ಟೇನ್‌ಲೆಸ್ ಸ್ಟೀಲಿನ ನಟ್‌ಗಳನ್ನು ಹಾರ್ಡ್‌ವೇರ್ ಅಂಗಡಿಯಿಂದ ಪ್ರತ್ಯೇಕವಾಗಿ ಕೊಳ್ಳುವುದಾದರೆ ಮಾತ್ರ ಈ ಸೆಟ್ಟನ್ನು ತರಿಸಿಕೊಳ್ಳಬಹುದು.