ಗ್ರಾಫ್‌ಗೆ ಬಣ್ಣ ಹಚ್ಚುವ ಮೂರು ದಾರಿ: ಒಂದೇ ಗ್ರಾಫ್ ಮೇಲೆ ಓಡಿಸಿ ನೋಡಿದ್ದು

ಗ್ರಾಫ್ ಅಂದ್ರೆ ಚುಕ್ಕಿಗಳು (ನೋಡ್) ಮತ್ತು ಅವನ್ನು ಜೋಡಿಸುವ ಗೆರೆಗಳು (ಎಡ್ಜ್). ನಡುವೆ ಎಡ್ಜ್ ಇರುವ ಎರಡು ನೋಡ್‌ಗಳಿಗೆ ಒಂದೇ ಬಣ್ಣ ಬರಬಾರದು, ಬಣ್ಣ ಆದಷ್ಟೂ ಕಡಿಮೆ ಇರಬೇಕು. ಕೇಳೋಕೆ ಸುಲಭ. ಆದರೆ 1972ರಲ್ಲಿ ರಿಚರ್ಡ್ ಕಾರ್ಪ್ ಕೊಟ್ಟ 21 ಕಷ್ಟದ ಸಮಸ್ಯೆಗಳ ಪಟ್ಟಿಯಲ್ಲಿ ಇದೂ ಇದೆ. ನಾನು ಆರಿಸಿಕೊಂಡದ್ದು ಇಂಥ ವಿಧಾನಗಳನ್ನು ಪರೀಕ್ಷಿಸಲು ಬಳಸುವ ಡಿಎಸ್‌ಜೆಸಿ250.5 ಎಂಬ ಗ್ರಾಫ್: 250 ನೋಡ್, 15,668 ಎಡ್ಜ್. ಇದರಲ್ಲಿ ಇದುವರೆಗೆ ಸಿಕ್ಕ ಒಳ್ಳೆಯ ಉತ್ತರ 28 ಬಣ್ಣ.

ಮೊದಲು ಡಿಸ್ಯಾಟರ್. ಬ್ರೆಲಾಜ್ 1979ರಲ್ಲಿ ಕೊಟ್ಟ ವಿಧಾನ. ಯಾವ ನೋಡ್‌ನ ಸುತ್ತ ಬೇರೆ ಬೇರೆ ಬಣ್ಣ ಜಾಸ್ತಿ ಇದೆಯೋ ಅದಕ್ಕೆ ಮೊದಲು ಬಣ್ಣ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು, 38 ಬಣ್ಣ ಬಂತು. ಒಮ್ಮೆ ಹಚ್ಚಿದ ಬಣ್ಣವನ್ನು ಅದು ತಿರುಗಿ ನೋಡುವುದಿಲ್ಲ, ಅಲ್ಲೇ ಸೋಲುತ್ತದೆ.

ಎರಡನೆಯದು ಸಿಮ್ಯುಲೇಟೆಡ್ ಅನೀಲಿಂಗ್. ಕಾದ ಲೋಹವನ್ನು ತಣಿಸುವ ಹಾಗೆ: 'ತಾಪ' ಹೆಚ್ಚಿದ್ದಾಗ ಕೆಟ್ಟ ಬದಲಾವಣೆಯನ್ನೂ ಒಪ್ಪುತ್ತದೆ, ತಾಪ ಇಳಿದಂತೆ ಒಪ್ಪುವುದು ಕಡಿಮೆಯಾಗುತ್ತದೆ. ಅದು 29ಕ್ಕೆ ಇಳಿಸಿತು. ತುಂಬಾ ನಿಧಾನವಾಗಿ ತಣಿಸಿದರೆ 28 ಕೂಡ ಸಿಗುತ್ತದೆ. ಆದರೆ ಶುರುವಿನ ತಾಪ ಎಷ್ಟು, ತಣಿಸುವ ವೇಗ ಎಷ್ಟು ಅಂತ ಗ್ರಾಫ್ ಬದಲಾದಾಗಲೆಲ್ಲ ಮತ್ತೆ ಹುಡುಕಬೇಕು. ನನಗೆ ಅದೇ ಬೇಸರ.

ನನ್ನ ಮೆಚ್ಚಿನದು ಟ್ಯಾಬುಕಾಲ್. ಹರ್ಟ್ಜ್ ಮತ್ತು ಡಿ ವೆರಾ 1987ರಲ್ಲಿ ಬರೆದದ್ದು. 28 ಬಣ್ಣ ಅಂತ ಮೊದಲೇ ನಿಗದಿ ಮಾಡಿ, ಎಲ್ಲ ನೋಡ್‌ಗೂ ಹಚ್ಚಿಬಿಡಿ. ಒಂದೇ ಬಣ್ಣದ ತುದಿಗಳಿರುವ ಎಡ್ಜ್ ಅಂದ್ರೆ ಒಂದು ಜಗಳ. ಜಗಳದಲ್ಲಿರುವ ನೋಡ್‌ಗಳಲ್ಲಿ ಒಂದರ ಬಣ್ಣ ಬದಲಿಸುತ್ತಾ ಸೊನ್ನೆಗೆ ತರಬೇಕು. ಪ್ರತಿ ಹೆಜ್ಜೆಯನ್ನೂ ಪ್ರಿಂಟ್ ಮಾಡಿ ನೋಡಿದೆ. ಯಾವ ನಿಷೇಧವೂ ಇಲ್ಲದಾಗ ನೋಡ್ 117 ಬಣ್ಣ 4ರಿಂದ 9ಕ್ಕೆ, 9ರಿಂದ ಮತ್ತೆ 4ಕ್ಕೆ, ಗಡಿಯಾರದ ಲೋಲಕದ ಹಾಗೆ ಓಡಾಡುತ್ತಿತ್ತು. ಬಿಟ್ಟ ಬಣ್ಣಕ್ಕೆ ಸ್ವಲ್ಪ ಹೊತ್ತು ಮರಳಬಾರದು ಎಂಬ ನಿಷೇಧ ಹಾಕಿದ ಕೂಡಲೇ ಅದು ಬೇರೆ ದಾರಿ ಹಿಡಿಯಿತು. ಎಷ್ಟು ಹೊತ್ತು, ಅಂದ್ರೆ ಎಷ್ಟು ಹೆಜ್ಜೆ? ಜಗಳದಲ್ಲಿರುವ ನೋಡ್‌ಗಳ ಸಂಖ್ಯೆಯ 0.6 ಪಟ್ಟು, ಜೊತೆಗೆ 0ರಿಂದ 9ರೊಳಗಿನ ಯಾವುದಾದರೂ ಒಂದು ಅಂಕೆ. ಜಗಳ ಕಡಿಮೆಯಾದಂತೆ ನಿಷೇಧವೂ ತಾನಾಗಿ ಸಡಿಲವಾಗುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ!

ಒಂದು ಮಾತು ಹೇಳಲೇಬೇಕು. ಮೊದಲು ನಾನು ಪ್ರತಿ ಹೆಜ್ಜೆಗೂ ಎಲ್ಲ ಜಗಳ ಹೊಸದಾಗಿ ಎಣಿಸುತ್ತಿದ್ದೆ, ಟ್ಯಾಬುಕಾಲ್ ತೆವಳುತ್ತಿತ್ತು. ಆಮೇಲೆ ಪ್ರತಿ ನೋಡ್‌ನ ಸುತ್ತ ಯಾವ ಬಣ್ಣ ಎಷ್ಟು ಸಲ ಇದೆ ಎಂಬ ಕೋಷ್ಟಕ ಇಟ್ಟೆ. 250 ಸಾಲು, 28 ಕಾಲಂ, ಒಟ್ಟು 7,000 ಮನೆ. ಒಂದು ನೋಡ್‌ನ ಬಣ್ಣ ಬದಲಾದರೆ ಅದರ ನೆರೆಯ ನೋಡ್‌ಗಳ ಸಾಲಿನಲ್ಲಿ ಎರಡೆರಡು ಮನೆ ತಿದ್ದಿದರೆ ಸಾಕು. ಅದಾದ ಮೇಲೆ ಕೆಲವೇ ಸೆಕೆಂಡಿನಲ್ಲಿ 28 ಬಣ್ಣ, ಜಗಳ ಸೊನ್ನೆ. ಈ ಕೋಷ್ಟಕ ಇಲ್ಲದೆ ಸುಮ್ನೆ ಟ್ಯಾಬುಕಾಲ್ ನಿಧಾನ ಅನ್ನಬೇಡಿ.

ಎಲ್ಲ ಗ್ರಾಫ್‌ನಲ್ಲೂ ಹೀಗೇ ಆಗಲಿಲ್ಲ. ಎಲ್‌ಇ450_15ಸಿ 15 ಬಣ್ಣ ಸಾಕಾಗುವ ಹಾಗೆಯೇ ಕಟ್ಟಿದ ಗ್ರಾಫ್. ಅಲ್ಲಿ ನನ್ನ ಟ್ಯಾಬುಕಾಲ್ 16ರಲ್ಲೇ ನಿಂತಿದೆ. ಬೀಜ (ಯಾದೃಚ್ಛಿಕ ಅಂಕೆಗಳನ್ನು ಶುರು ಮಾಡುವ ಸಂಖ್ಯೆ) ಬದಲಿಸಿ ಹತ್ತು ಸಲ ಓಡಿಸಿದರೂ ಇಳಿಯಲಿಲ್ಲ. ಈಗ ಅದೇ ಗ್ರಾಫ್ ಮೇಲೆ ಅನೀಲಿಂಗನ್ನು ತೀರಾ ನಿಧಾನವಾಗಿ ತಣಿಸಿ ಓಡಿಸುತ್ತಿದ್ದೇನೆ.